ಹಾಟ್ ರಾಡ್ ಚಕ್ರಕ್ಕೆ ಬಣ್ಣ, ಬಣ್ಣದ ಮೇಲೆ ಗೆರೆ

ಪ್ರಶ್ನೆ: ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೇನೆ. 1931ರ ಫೋರ್ಡ್ ಮಾಡೆಲ್ ಎ ಬಾಡಿ ಇಟ್ಟುಕೊಂಡು ಮನೆಯ ಗ್ಯಾರೇಜಿನಲ್ಲೇ ಹಾಟ್ ರಾಡ್ (ಹಳೆಯ ಕಾರನ್ನು ಮಾರ್ಪಡಿಸಿ ಮಾಡುವ ವೇಗದ ಗಾಡಿ) ಕಟ್ಟುತ್ತಿದ್ದೇನೆ. 1940ರ ಫೋರ್ಡಿನ 16 ಇಂಚಿನ ಸ್ಟೀಲ್ ವೀಲ್‌ಗಳು ಐದು ಸಿಕ್ಕಿವೆ. ಕಾರು ಕಪ್ಪು, ಚಕ್ರ ಕೆಂಪು, ಅದರ ಮೇಲೆ ಕೆನೆ ಬಣ್ಣದ ಎರಡು ಗೆರೆ ಬರಬೇಕೆಂದು ಆಸೆ. ಒಂದು ಚಕ್ರದ ಮೇಲೆ ಮಾಡಿ ನೋಡಿದೆ. ಸ್ಪ್ರೇ ಡಬ್ಬಿಯ ಕೆಂಪು ಹೊಡೆದು, ಟೇಪ್ ಅಂಟಿಸಿ, ‘ಒನ್ ಶಾಟ್’ ಬಣ್ಣದಲ್ಲಿ ಗೆರೆ ಎಳೆದೆ. ಟೇಪಿನಡಿಗೆ ಬಣ್ಣ ನುಸುಳಿತು. ಒರೆಸಲು ಹೋದರೆ ಕೆಂಪೂ ಬಟ್ಟೆಗೆ ಬಂತು. ಮೂರು ದಿನ ಬಿಟ್ಟು ಮೇಲೆ ಕ್ಲಿಯರ್ (ಬಣ್ಣವಿಲ್ಲದ ಪಾರದರ್ಶಕ ಪದರ) ಹೊಡೆದೆ, ಗೆರೆಯೆಲ್ಲ ಸುಕ್ಕುಗಟ್ಟಿತು. ಎಲ್ಲಿ ತಪ್ಪಿದೆ? ಮೊದಲಿನಿಂದ ಹೇಗೆ ಮಾಡಬೇಕು?

ಉತ್ತರ: ಕೆಂಪು ಬಟ್ಟೆಗೆ ಬಂದದ್ದಕ್ಕೂ ಗೆರೆ ಸುಕ್ಕುಗಟ್ಟಿದ್ದಕ್ಕೂ ಕಾರಣ ಒಂದೇ. ಕೆಳಗಿನ ಪದರಕ್ಕೆ ಮೇಲಿನ ಪದರದ ದ್ರಾವಕವನ್ನು ತಡೆಯುವ ಶಕ್ತಿ ಇರಲಿಲ್ಲ. ಸಾಧಾರಣ ಸ್ಪ್ರೇ ಡಬ್ಬಿಯ ಬಣ್ಣಕ್ಕೆ ಹಾರ್ಡನರ್ (ಬಣ್ಣವನ್ನು ಗಟ್ಟಿಯಾಗಿಸುವ ರಾಸಾಯನಿಕ) ಇರುವುದಿಲ್ಲ, ಹಾಗಾಗಿ ಒಣಗಿದ ಮೇಲೂ ತಿನ್ನರ್ ತಾಗಿದರೆ ಮತ್ತೆ ಕರಗುತ್ತದೆ. ಒನ್ ಶಾಟ್ ಎಣ್ಣೆ ಆಧಾರದ ಎನಾಮೆಲ್. ಅದು ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಗಟ್ಟಿಯಾಗುತ್ತದೆ. ಮೂರನೆಯ ದಿನ ಮುಟ್ಟಿದರೆ ಒಣಗಿದೆ ಅನ್ನಿಸಿದರೂ ಒಳಗೆ ಕೆಲಸ ಅರ್ಧವಷ್ಟೇ ಆಗಿರುತ್ತದೆ. ಆ ಹೊತ್ತಿಗೆ ಕ್ಲಿಯರ್ ಕೋಟಿನ ಬಲವಾದ ದ್ರಾವಕ ಬಿದ್ದರೆ ಮೇಲಿನ ಪೊರೆ ಊದಿ, ಅಡಿಯಿಂದ ಬಿಟ್ಟುಕೊಂಡು ಮಡಿಕೆ ಬೀಳುತ್ತದೆ. ಆ ಚಕ್ರವನ್ನು ಉಜ್ಜಿ ಸರಿಮಾಡಲು ಹೋಗಬೇಡಿ. ಲೋಹದ ತನಕ ಬಣ್ಣ ತೆಗೆದು ಹೊಸದಾಗಿ ಶುರುಮಾಡಿ.

ಟೇಪಿನ ತೊಂದರೆ ಬೇರೆ. ಅದಕ್ಕೆ ನನ್ನ ಉತ್ತರ, ಚಕ್ರದ ಮೇಲೆ ಟೇಪೇ ಬೇಡ ಎನ್ನುವುದು. ಬಾನೆಟ್ಟಿನ ಮೇಲೆ ಉದ್ದನೆಯ ಗೆರೆ ಎಳೆಯಲು ವರ್ಷಗಳ ಅಭ್ಯಾಸ ಬೇಕು. ಚಕ್ರ ಹಾಗಲ್ಲ. ಕೈಯನ್ನು ಕದಲಿಸದೆ ಹಿಡಿದು ಚಕ್ರವನ್ನೇ ತಿರುಗಿಸಿದರೆ ವೃತ್ತ ತಾನಾಗಿ ಬರುತ್ತದೆ. ಅದಕ್ಕೆ ಬೇಕಾದ ಯಂತ್ರ ನಿಮ್ಮ ಕಾರಿನಲ್ಲೇ ಇದೆ, ಮುಂದಿನ ಆಕ್ಸಲ್ಲಿನ ಹಬ್. ಅಲ್ಲಿಗೆ ಬರುವ ಮೊದಲು ಲೋಹದ ಕೆಲಸ ಮುಗಿಯಬೇಕು.

ಬಣ್ಣದ ಖರ್ಚಿಗೆ ಕೈಹಾಕುವ ಮುಂಚೆ ಐದೂ ಚಕ್ರಗಳನ್ನು ಹಬ್ಬಿಗೆ ಹಾಕಿ ತಿರುಗಿಸಿ ನೋಡಿ. ಡಯಲ್ ಗೇಜ್ (ಓಲಾಟವನ್ನು ಮುಳ್ಳಿನಿಂದ ತೋರಿಸುವ ಅಳತೆಯ ಸಾಧನ) ಇದ್ದರೆ ರಿಮ್ಮಿನ ಒಳ ಅಂಚಿಗೆ ಇಡಿ. ಮೇಲೆ ಕೆಳಗೆ ಆಗಲಿ, ಅಕ್ಕಪಕ್ಕ ಆಗಲಿ, ಓಲಾಟ 1 ಮಿಲಿಮೀಟರ್ ಒಳಗಿದ್ದರೆ ಒಳ್ಳೆಯ ಚಕ್ರ. 2 ದಾಟಿದ್ದನ್ನು ಸ್ಟೆಪ್ನಿಗೆ ಇಟ್ಟುಕೊಳ್ಳಿ. ನಟ್ಟಿನ ತೂತುಗಳ ಸುತ್ತ ಮತ್ತು ನಡುವಿನ ತಟ್ಟೆ ರಿಮ್ಮಿಗೆ ಸೇರುವಲ್ಲಿ ಬಿರುಕು ಹುಡುಕಿ. ಕೂದಲೆಳೆಯಷ್ಟು ಬಿರುಕು ಕಂಡರೂ ಆ ಚಕ್ರ ಗುಜರಿಗೆ. ಬೆಸುಗೆ ಹಾಕಿ ರಸ್ತೆಗೆ ಇಳಿಸಬೇಡಿ. ರಿವೆಟ್ ಹೊಡೆದ ಹಳೆಯ ಚಕ್ರವಾದರೆ ರಿವೆಟ್ ಸಂದಿನಿಂದ ಗಾಳಿ ಸೋರುತ್ತದೆ, ಟ್ಯೂಬ್ ಹಾಕಲೇಬೇಕು. ಬಣ್ಣದಿಂದ ಆ ಸೋರಿಕೆ ನಿಲ್ಲುವುದಿಲ್ಲ.

ಇದೇ ಹೊತ್ತಿಗೆ ನಡುವಿನ ಮುಚ್ಚಳವಾದ ಹಬ್ ಕ್ಯಾಪ್, ರಿಮ್ಮಿನ ಅಂಚಿಗೆ ಕೂರುವ ಹೊಳಪಿನ ಬಳೆಯಾದ ಟ್ರಿಮ್ ರಿಂಗ್ ಎರಡನ್ನೂ ಬರಿಯ ಚಕ್ರಕ್ಕೆ ಒತ್ತಿ ಕೂರಿಸಿ, ಅವುಗಳ ನಡುವೆ ಕಾಣುವ ಪಟ್ಟಿ ಎಷ್ಟು ಅಗಲ ಎಂದು ಅಳೆದು ಬರೆದಿಟ್ಟುಕೊಳ್ಳಿ. ಗೆರೆ ಬರಬೇಕಾದ್ದು ಆ ಪಟ್ಟಿಯಲ್ಲಿ ಮಾತ್ರ. ಇದನ್ನು ಮರೆತು ಚೆಂದದ ಗೆರೆ ಎಳೆದು, ಕೊನೆಗೆ ಅರ್ಧ ಗೆರೆ ಟ್ರಿಮ್ ರಿಂಗಿನ ಅಡಿಗೆ ಹೋದ ಚಕ್ರಗಳು ಬಹಳ ಇವೆ.

ಹಳೆಯ ಬಣ್ಣದಲ್ಲಿ ಸೀಸ ಇರುವ ಸಂಭವ ಹೆಚ್ಚು. ಒಣಗಿದ್ದಂತೆಯೇ ಉಜ್ಜಿ ಧೂಳು ಎಬ್ಬಿಸಬೇಡಿ. ಐದನ್ನೂ ಬ್ಲಾಸ್ಟಿಂಗ್, ಅಂದರೆ ಗಾಳಿಯ ಒತ್ತಡದಲ್ಲಿ ಗಟ್ಟಿ ಹರಳು ಹೊಡೆದು ಹಳೆಯ ಬಣ್ಣ ತೆಗೆಯುವ ಕೆಲಸ, ಮಾಡುವವರಿಗೆ ಕೊಡುವುದು ಸುಲಭ. ಗಾರ್ನೆಟ್ ಅಥವಾ 80 ನಂಬರಿನ ಅಲ್ಯೂಮಿನಿಯಂ ಆಕ್ಸೈಡ್ ಬಳಸುತ್ತಾರಾ ಎಂದು ಕೇಳಿ. ಮರಳು ಬೇಡ, ಅದರ ಧೂಳು ಶ್ವಾಸಕೋಶ ಹಾಳುಮಾಡುತ್ತದೆ. ಬ್ಲಾಸ್ಟ್ ಆಗಿ ಬಂದ ಉಕ್ಕು ಬೂದುಬಣ್ಣದಲ್ಲಿ ಒರಟಾಗಿ, ಏನು ತಾಗಿದರೂ ಹೀರುವಂತಿರುತ್ತದೆ. ಬರಿಗೈಯಲ್ಲಿ ಮುಟ್ಟಿದರೆ ಬೆರಳಿನ ಗುರುತು ಮರುದಿನ ತುಕ್ಕಾಗಿ ಕಾಣುತ್ತದೆ. ನೈಟ್ರೈಲ್ ಗ್ಲೌಸ್ ಹಾಕಿಕೊಂಡು ಸಂದುಗಳಿಗೆಲ್ಲ ಗಾಳಿ ಹೊಡೆದು, ಗ್ರೀಸ್ ತೆಗೆಯುವ ದ್ರಾವಕದಿಂದ ಒರೆಸಿ, ಅದೇ ದಿನ ಎಪಾಕ್ಸಿ ಪ್ರೈಮರ್ (ಲೋಹವನ್ನು ಹಿಡಿದು ತುಕ್ಕು ತಡೆಯುವ ಅಡಿಬಣ್ಣ) ಹೊಡೆಯಿರಿ. ಫ್ರೀಮಾಂಟ್ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಪಕ್ಕದ ಊರು, ರಾತ್ರಿಯ ತೇವಕ್ಕೆ ಬಿಟ್ಟರೆ ಬೆಳಗಾಗುವುದರೊಳಗೆ ತುಕ್ಕಿನ ಛಾಯೆ ಬಂದಿರುತ್ತದೆ.

ಎಪಾಕ್ಸಿ ಎರಡು ಕೋಟ್ ಸಾಕು, ನಡುವೆ 15ರಿಂದ 20 ನಿಮಿಷ ಬಿಡಿ. ಕೆಲವು ಎಪಾಕ್ಸಿಗಳನ್ನು ಕಲಸಿದ ಮೇಲೆ ಅರ್ಧ ಗಂಟೆ ಇಟ್ಟು ಬಳಸಬೇಕು, ಡಬ್ಬಿಯ ಜೊತೆ ಬರುವ ಮಾಹಿತಿ ಹಾಳೆ ಓದಿ. ತುಕ್ಕು ತಿಂದ ಗುಳಿಗಳಿದ್ದರೆ ಎಪಾಕ್ಸಿಯ ಮೇಲೆ ತೆಳುವಾಗಿ ಪಾಲಿಯೆಸ್ಟರ್ ಪುಟ್ಟಿ ಎಳೆಯಿರಿ. ಆದರೆ ನಟ್ಟು ಕೂರುವ ಜಾಗ, ರಿವೆಟ್ ಸುತ್ತ, ಟೈರಿನ ಅಂಚು ಕೂರುವ ಜಾಗಗಳಲ್ಲಿ ಪುಟ್ಟಿ ಸೋಂಕಲೂ ಬಾರದು. ಮೇಲೆ ಎರಡು ಕೋಟ್ ದಪ್ಪನೆಯ ಫಿಲ್ಲರ್ ಪ್ರೈಮರ್, 1.7 ಮಿಲಿಮೀಟರ್ ನಾಜಲ್‌ನಲ್ಲಿ. ಒಣಗಿದ ಮೇಲೆ 320 ನಂಬರ್ ಕಾಗದದಲ್ಲಿ ಉಜ್ಜಿ, 600ರಲ್ಲಿ ನೀರು ಹಾಕಿ ಮುಗಿಸಿ. ಗೆರೆ ಬರುವ ಪಟ್ಟಿಯ ಮೇಲೆ ಇಲ್ಲಿ ಹೆಚ್ಚು ಹೊತ್ತು ಕಳೆಯಿರಿ. ಗುಳಿಯ ಮೇಲೆ ಕುಂಚ ಹಾಯ್ದರೆ ಗೆರೆಯ ಅಂಚು ಅಲ್ಲೇ ಒಡೆಯುತ್ತದೆ.

ಕೆಂಪಿಗೆ ಹಾರ್ಡನರ್ ಸೇರಿಸುವ ಸಿಂಗಲ್ ಸ್ಟೇಜ್ ಯುರೆಥೇನ್ (ಮೇಲೆ ಕ್ಲಿಯರ್ ಬೇಡದ, ಬಣ್ಣವೂ ಹೊಳಪೂ ಒಂದೇ ಪದರದಲ್ಲಿರುವ ಬಣ್ಣ) ತೆಗೆದುಕೊಳ್ಳಿ. ಬೇಸ್ ಮತ್ತು ಕ್ಲಿಯರ್ ಎಂಬ ಎರಡು ಪದರದ ಬಣ್ಣ ಬಾಡಿಗೆ ಚೆನ್ನ. ಚಕ್ರದ ಚೂಪು ಅಂಚುಗಳಲ್ಲಿ ಕಲ್ಲೇಟು ಬಿದ್ದರೆ ಕ್ಲಿಯರ್ ಚಕ್ಕೆ ಏಳುತ್ತದೆ. ಸಿಂಗಲ್ ಸ್ಟೇಜ್ ಆದರೆ ಸಣ್ಣ ಕುಂಚದಲ್ಲಿ ಮುಟ್ಟಿಸಿ ಸರಿಮಾಡಬಹುದು, ಆ ಕಾಲದ ಎನಾಮೆಲ್ಲಿನ ಹೊಳಪಿಗೂ ಅದೇ ಹತ್ತಿರ. ಐದು ಚಕ್ರದ ಎರಡೂ ಬದಿಗೆ ಒಂದು ಕ್ವಾರ್ಟ್, ಅಂದರೆ ಸುಮಾರು 950 ಮಿಲಿಲೀಟರ್ ಬಣ್ಣ ಸಾಕಾಗುತ್ತದೆ. ಕೆಂಪಿಗೆ ಮುಚ್ಚುವ ಶಕ್ತಿ ಕಡಿಮೆ, ಮೂರು ಕೋಟ್ ಎಂದು ಲೆಕ್ಕ ಇಟ್ಟುಕೊಳ್ಳಿ. ಅಡಿಯ ಪ್ರೈಮರ್ ಎಲ್ಲ ಚಕ್ರಕ್ಕೂ ಒಂದೇ ಬಣ್ಣದ್ದಿರಲಿ, ಇಲ್ಲದಿದ್ದರೆ ಐದು ಚಕ್ರ ಐದು ಕೆಂಪಾಗುತ್ತವೆ.

ಪೌಡರ್ ಕೋಟಿಂಗ್ (ಬಣ್ಣದ ಪುಡಿ ಹಚ್ಚಿ ಒಲೆಯಲ್ಲಿ ಕಾಯಿಸುವುದು) ಮಾಡಿಸಲೇ ಎಂದು ಮನಸ್ಸಿಗೆ ಬಂದಿರಬಹುದು. ಗಟ್ಟಿತನದಲ್ಲಿ ಅದನ್ನು ಮೀರಿಸುವುದು ಕಷ್ಟ. ಆದರೆ ಪದರ ದಪ್ಪ, ತಟ್ಟೆಯ ಮೇಲೆ ಅಚ್ಚಿನಿಂದ ಒತ್ತಿ ಎಬ್ಬಿಸಿದ ಸೂಕ್ಷ್ಮ ಏಣುಗಳು ಮೊಂಡಾಗುತ್ತವೆ. ಕಲ್ಲೇಟಿಗೆ ತೇಪೆ ಹಾಕಲೂ ಆಗುವುದಿಲ್ಲ. ಗೆರೆ ಎಳೆಯುವ ಚಕ್ರಕ್ಕೆ ನಾನು ಅದನ್ನು ಹೇಳುವುದಿಲ್ಲ.

ಸ್ಪ್ರೇ ಗನ್ನಿನ ನಾಜಲ್ 1.3 ಅಥವಾ 1.4 ಮಿಲಿಮೀಟರ್. ಬೀಸಣಿಗೆಯಂತೆ ಹರಡುವ ಸ್ಪ್ರೇಯ ಅಗಲ ಅರ್ಧಕ್ಕೆ ಇಳಿಸಿ, ಬಣ್ಣದ ಹರಿವನ್ನೂ ತಗ್ಗಿಸಿ. ಚಕ್ರವನ್ನು ನೇತುಹಾಕುವುದಕ್ಕಿಂತ ಬಕೆಟ್ಟಿನ ಮೇಲೆ ಮಲಗಿಸಿ ಹೊಡೆದರೆ ಬಣ್ಣ ಇಳಿಯುವುದು ಕಡಿಮೆ. ಮೊದಲು ಹಿಂಬದಿ. ಅದು ಒಣಗಿದ ಮೇಲೆ ತಿರುಗಿಸಿ, ಗಾಳಿ ಕಿಂಡಿಗಳಿದ್ದರೆ ಅವುಗಳ ಅಂಚು, ಆಮೇಲೆ ತಟ್ಟೆ ರಿಮ್ಮಿಗೆ ಸೇರುವ ಆಳದ ಸಂದು, ಕೊನೆಗೆ ಮುಖ. ಮುಖದಿಂದ ಶುರುಮಾಡಿದರೆ ಸಂದು ತುಂಬಿಸುವಷ್ಟರಲ್ಲಿ ಮುಖದ ಮೇಲೆ ಬಣ್ಣ ಹೆಚ್ಚಾಗಿ ಹರಿಯುತ್ತದೆ. ಮೊದಲ ಕೋಟ್ ತೆಳುವಾಗಿ, ಅಡಿ ಕಾಣುವಂತೆಯೇ ಬಿಡಿ. 10ರಿಂದ 15 ನಿಮಿಷ ಬಿಟ್ಟು ಎರಡನೆಯದು, ಮೂರನೆಯದು ತುಂಬ.

ಮೂರು ಜಾಗಕ್ಕೆ ಕೆಂಪು ಹೋಗಬಾರದು. ನಟ್ಟು ಕೂರುವ ಇಳಿಜಾರು, ಹಬ್ಬಿಗೆ ತಾಗುವ ಹಿಂಬದಿಯ ಚಪ್ಪಟೆ ಭಾಗ, ಟೈರಿನ ಅಂಚು ಕೂರುವ ಜಾಗ. ಮೊದಲೆರಡರಲ್ಲಿ ದಪ್ಪ ಬಣ್ಣವಿದ್ದರೆ ಬಿಗಿದ ಒತ್ತಡಕ್ಕೆ ಅದು ನಿಧಾನವಾಗಿ ಹಿಸುಕಿ ಹೋಗಿ ನಟ್ಟು ಸಡಿಲವಾಗುತ್ತದೆ. ಹಾಟ್ ರಾಡ್ ಚಕ್ರ ಕಳಚಿಬೀಳಲು ಇದು ನಿಜವಾದ ಕಾರಣಗಳಲ್ಲೊಂದು. ಇಳಿಜಾರಿನ ಮೇಲೆ ಎಪಾಕ್ಸಿಯನ್ನೂ ಕೆರೆದು ತೆಗೆಯಿರಿ, ಹಿಂಬದಿಗೂ ಟೈರಿನ ಅಂಚಿಗೂ ಒಂದು ತೆಳು ಎಪಾಕ್ಸಿ ಸಾಕು.

ಇಲ್ಲೊಂದು ಮಾತು ಒತ್ತಿ ಹೇಳಬೇಕು. ಯುರೆಥೇನ್ ಹಾರ್ಡನರಿನಲ್ಲಿ ಐಸೊಸಯನೇಟ್ ಇದೆ. ಅದಕ್ಕೆ ವಾಸನೆಯ ಮುನ್ಸೂಚನೆ ಇಲ್ಲ, ಒಮ್ಮೆ ದೇಹ ಅದಕ್ಕೆ ಪ್ರತಿಕ್ರಿಯಿಸಲು ಕಲಿತರೆ ಅಸ್ತಮಾ ಜೀವನಪೂರ್ತಿ ಉಳಿಯಬಹುದು. ಹೊರಗಿನ ಗಾಳಿಯನ್ನು ಕೊಳವೆಯಲ್ಲಿ ಕೊಡುವ ಮಾಸ್ಕ್ ಇಲ್ಲದೆ ಹೊಡೆಯಬೇಡಿ. ಮನೆಗೆ ಅಂಟಿದ ಗ್ಯಾರೇಜಾದರೆ ಹೆಂಡತಿ ಮಕ್ಕಳ ಉಸಿರಿಗೂ ಅದು ಹೋಗುತ್ತದೆ. ನಿಮ್ಮ ಕಡೆಯ ಅನೇಕ ಗ್ಯಾರೇಜುಗಳಲ್ಲಿ ಗ್ಯಾಸ್ ವಾಟರ್ ಹೀಟರ್ ನಿಂತಿರುತ್ತದೆ. ಅದರ ಸಣ್ಣ ಜ್ವಾಲೆಗೆ ತಿನ್ನರ್ ಆವಿ ಸಿಕ್ಕರೆ ಮನೆಯೇ ಹೊತ್ತಿಕೊಳ್ಳುತ್ತದೆ. ಈ ಏರ್ಪಾಡು ಆಗದಿದ್ದರೆ ಗನ್ ಬೇಡದ ತಯಾರಿಯನ್ನಷ್ಟೇ ನೀವು ಮಾಡಿ, ಪ್ರೈಮರನ್ನೂ ಕೆಂಪನ್ನೂ ಪೇಂಟ್ ಶಾಪಿನಲ್ಲಿ ಹೊಡೆಸಿ. ಕ್ಯಾಲಿಫೋರ್ನಿಯಾದಲ್ಲಿ ಬಣ್ಣದ ದ್ರಾವಕಕ್ಕೆ ಬಿಗಿ ನಿಯಮಗಳಿರುವುದರಿಂದ ನಿಮ್ಮ ಜಿಲ್ಲೆಯಲ್ಲಿ ಮಾರಲು ಒಪ್ಪಿಗೆ ಇರುವ ಬಣ್ಣವನ್ನೇ ಕೇಳಿ. ಕೈಯಿಂದ ಗೆರೆ ಎಳೆಯುವುದರಲ್ಲಿ ಈ ಯಾವ ಅಪಾಯವೂ ಈ ಪ್ರಮಾಣದಲ್ಲಿಲ್ಲ, ಆ ಖುಷಿಯನ್ನು ನೀವೇ ಇಟ್ಟುಕೊಳ್ಳಿ.

ಕೆಂಪು ಹೊಡೆದು ಕನಿಷ್ಠ ಒಂದು ವಾರ, 20 ಡಿಗ್ರಿಗಿಂತ ಬೆಚ್ಚಗಿರುವ ಕಡೆ ಬಿಡಿ. ಆಮೇಲೆ ಹಿಂಬದಿಯಲ್ಲಿ ಕಾಣದ ಜಾಗದಲ್ಲಿ ಮಿನರಲ್ ಸ್ಪಿರಿಟ್ಸ್ (ಎಣ್ಣೆ ಬಣ್ಣ ತೆಳುಮಾಡುವ ಪೆಟ್ರೋಲಿಯಂ ದ್ರಾವಕ) ಅದ್ದಿದ ಬಿಳಿ ಬಟ್ಟೆಯಿಂದ ಅರ್ಧ ನಿಮಿಷ ಉಜ್ಜಿ. ಬಟ್ಟೆ ಬಿಳಿಯಾಗೇ ಉಳಿದರೆ ಗೆರೆಗೆ ಸಿದ್ಧ. ಈ ಪರೀಕ್ಷೆ ಪಾಸಾದರೆ ಎಷ್ಟು ಬಾರಿ ಗೆರೆ ಕೆಟ್ಟರೂ ಒರೆಸಿ ಮತ್ತೆ ಎಳೆಯಬಹುದು, ಕೆಂಪಿಗೆ ಏನೂ ಆಗುವುದಿಲ್ಲ. ಕಲಿಯುವವರಿಗೆ ಇದಕ್ಕಿಂತ ದೊಡ್ಡ ಧೈರ್ಯ ಇಲ್ಲ.

ಟೈರ್ ಹಾಕಿಸುವುದು ಗೆರೆಗೆ ಮೊದಲು. ಟೈರ್ ಅಂಗಡಿಯ ಯಂತ್ರ ರಿಮ್ಮನ್ನು ಗೀಚಿದರೆ ಮೊದಲು ಸರಿಮಾಡಿಕೊಳ್ಳಬಹುದು. ಟೈರಿನ ತೂಕವಿದ್ದರೆ ಚಕ್ರ ತಳ್ಳಿದ ಮೇಲೆ ಜಗ್ಗದೆ ಒಂದೇ ವೇಗದಲ್ಲಿ ತಿರುಗುತ್ತದೆ ಎನ್ನುವುದು ಇನ್ನೂ ದೊಡ್ಡ ಲಾಭ. ಟೈರಿಗೆ ಹೊಳಪಿನ ಎಣ್ಣೆ ಮಾತ್ರ ಯಾರಿಂದಲೂ ಹಚ್ಚಿಸಬೇಡಿ. ಅದರಲ್ಲಿನ ಸಿಲಿಕೋನ್ ಕೈಯಿಂದ ಚಕ್ರಕ್ಕೆ ದಾಟಿದರೆ ಗೆರೆಯ ಬಣ್ಣ ಅಲ್ಲಲ್ಲಿ ಕಣ್ಣು ಬಿಟ್ಟುಕೊಂಡು ಹಿಂದೆ ಸರಿಯುತ್ತದೆ.

ಈಗ ಮುಂದಿನ ಆಕ್ಸಲ್ ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿ. ಬ್ರೇಕ್ ಶೂ ಸಡಿಲಿಸಿ, ಬೇರಿಂಗಿನಲ್ಲಿ ಆಟ ಇಲ್ಲದಂತೆ ಮಾಡಿ. ಚಕ್ರವನ್ನು ಐದೂ ನಟ್ಟು ಹಾಕಿ ಅಡ್ಡಡ್ಡ ಕ್ರಮದಲ್ಲಿ ಬಿಗಿಯಿರಿ. ಈ ಚಕ್ರ ನಡುವಿಗೆ ಬಂದು ಕೂರುವುದು ನಟ್ಟುಗಳ ಇಳಿಜಾರಿನಿಂದ, ಎರಡು ನಟ್ಟು ಹಾಕಿ ಶುರುಮಾಡಿದರೆ ವೃತ್ತ ಒಂದು ಪಕ್ಕಕ್ಕೆ ಹೋಗುತ್ತದೆ. ಆಕ್ಸಲ್ ಎತ್ತರಕ್ಕೆ ಒಂದು ಮರದ ಪೆಟ್ಟಿಗೆಯನ್ನು ಅಲುಗಾಡದಂತೆ ಚಕ್ರದ ಮುಂದೆ ಇಡಿ. ಕೈ ಊರುವುದು ಅದರ ಮೇಲೆ.

ಮೊದಲು ಕುಂಚವಲ್ಲ, ಪೆನ್ಸಿಲ್. ನೀರಿಗೆ ಅಳಿಸುವ ಬಣ್ಣದ ಪೆನ್ಸಿಲ್ ಹಿಡಿದು, ಕೈ ಪೆಟ್ಟಿಗೆಗೆ ಊರಿ, ಚಕ್ರ ತಿರುಗಿಸಿ ಒಂದು ವೃತ್ತ ಬರೆಯಿರಿ. ಈಗ ಆ ವೃತ್ತವನ್ನೂ ಅಚ್ಚಿನ ಏಣನ್ನೂ ಹೋಲಿಸಿ ನೋಡಿ. ಹಳೆಯ ಚಕ್ರಗಳಲ್ಲಿ ಒತ್ತಿದ ಏಣು ಹಬ್ಬಿನ ಕೇಂದ್ರಕ್ಕೆ ಸರಿಯಾಗಿ ಇರುವುದು ಅಪರೂಪ. ಗೆರೆ ನಿಖರ ವೃತ್ತವಾಗಿದ್ದರೂ ಪಕ್ಕದ ಏಣು ಓಲಾಡುವುದರಿಂದ ಗೆರೆಯೇ ಸೊಟ್ಟ ಎಂದು ಕಣ್ಣು ಹೇಳುತ್ತದೆ. ಏಣಿಗೂ ಗೆರೆಗೂ 3 ಮಿಲಿಮೀಟರ್ ಅಂತರವಿದ್ದು ಓಲಾಟ 1 ಮಿಲಿಮೀಟರ್ ಇದ್ದರೆ ಯಾರಿಗೂ ಕಾಣುತ್ತದೆ. ಗೆರೆಯನ್ನು 8-10 ಮಿಲಿಮೀಟರ್ ದೂರ ಸರಿಸಿ, ಅದೇ ಓಲಾಟ ಕಣ್ಣಿಗೆ ಬೀಳುವುದಿಲ್ಲ. ಜಾಗ ಇಲ್ಲದಿದ್ದರೆ ಏಣನ್ನೇ ನಂಬಿ, ಕಿರುಬೆರಳನ್ನು ಏಣಿಗೆ ತಾಗಿಸಿಕೊಂಡು ಅದರ ಓಲಾಟದ ಜೊತೆಗೇ ಕುಂಚ ಹೋಗಲಿ. ಈ ನಿರ್ಧಾರವನ್ನು ಪೆನ್ಸಿಲಿನಲ್ಲೇ ಮುಗಿಸಿ, ಐದೂ ಚಕ್ರಕ್ಕೆ ಒಂದೇ ಅಳತೆ ಇರಲಿ.

ಕುಂಚ ಕತ್ತಿಯಾಕಾರದ ಸ್ಟ್ರೈಪಿಂಗ್ ಕುಂಚವೇ ಆಗಬೇಕು. ಅಳಿಲು ಕೂದಲಿನದು, ಹಿಡಿ ಗಿಡ್ಡ, ಕೂದಲು ಉದ್ದ. ಮಿಷಿಗನ್ ರಾಜ್ಯದ ಮ್ಯಾಕ್ ಕಂಪನಿಯ ಕುಂಚಗಳು ಈ ಕಸುಬಿನವರ ಕೈಯಲ್ಲಿ ಹೆಚ್ಚು ಕಾಣುತ್ತವೆ. ಡಬಲ್ ಸೊನ್ನೆ ಅಳತೆಯದು ನಿಮಗೆ ಸರಿ. ಉದ್ದ ಕೂದಲು ಇರುವುದು ಬಣ್ಣ ಹೊತ್ತುಕೊಳ್ಳಲು. ನಿಮ್ಮ ಗೆರೆ 25 ಸೆಂಟಿಮೀಟರ್ ವ್ಯಾಸದಲ್ಲಿ ಬಂದರೆ ಸುತ್ತಳತೆ 78 ಸೆಂಟಿಮೀಟರಿನಷ್ಟು. ಚೆನ್ನಾಗಿ ತುಂಬಿದ ಕುಂಚ ನಡುವೆ ಮತ್ತೆ ಅದ್ದದೆ ಅಷ್ಟು ಪೂರೈಸುತ್ತದೆ. ಸಾಮಾನ್ಯ ಚಿತ್ರಕಲೆಯ ಕುಂಚ ಕಾಲುಭಾಗಕ್ಕೇ ಬರಿದಾಗುತ್ತದೆ. 1950ರ ದಶಕದಲ್ಲಿ ವಾನ್ ಡಚ್ ಎಂದೇ ಹೆಸರಾದ ಕೆನೆತ್ ಹೊವರ್ಡ್, ಡೀನ್ ಜೆಫ್ರೀಸ್, ಎಡ್ ರಾತ್ ಮುಂತಾದವರು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಈ ಕಲೆಯನ್ನು ಹಾಟ್ ರಾಡಿನ ಗುರುತಾಗಿಸಿದರು. ಅದಕ್ಕೂ ಮೊದಲೇ ಕಾರು ಕಾರ್ಖಾನೆಗಳಲ್ಲಿ ಚಕ್ರಕ್ಕೆ ಗೆರೆ ಎಳೆಯುತ್ತಿದ್ದರು. ನಮ್ಮ ಕಡೆ ಬುಲೆಟ್ ಮೋಟಾರ್ ಸೈಕಲ್ಲಿನ ಟ್ಯಾಂಕಿನ ಮೇಲಿನ ಬಂಗಾರದ ಗೆರೆಯೂ ಚೆನ್ನೈನಲ್ಲಿ ಕೈಕುಂಚದಿಂದ ಬಂದದ್ದೇ.

ಒನ್ ಶಾಟ್ ಐವರಿ, ಕಾಲು ಪಿಂಟ್ ಡಬ್ಬಿ ತೆಗೆದುಕೊಳ್ಳಿ, ಐದು ಚಕ್ರಕ್ಕೆ ಬೇಕಾದ್ದಕ್ಕಿಂತ ಬಹಳ ಹೆಚ್ಚು. ಡಬ್ಬಿಯನ್ನು ಕುಲುಕಬೇಡಿ, ಗುಳ್ಳೆ ಸೇರುತ್ತದೆ. ತಳದಿಂದ ಕಡ್ಡಿಯಲ್ಲಿ ಕಲಕಿ ಸಣ್ಣ ಕಪ್ಪಿಗೆ ಸ್ವಲ್ಪ ಬಗ್ಗಿಸಿಕೊಳ್ಳಿ. ಅದೇ ಕಂಪನಿಯ ಹಾರ್ಡನರ್ ಸೂಚಿಸಿದ ಪ್ರಮಾಣದಲ್ಲಿ ಸೇರಿಸಿ. ಚಕ್ರಕ್ಕೆ ಬ್ರೇಕ್ ಧೂಳು, ಸೋಪು, ನೀರು ಸದಾ ತಾಗುವುದರಿಂದ ಇದು ಬೇಕೇಬೇಕು. ಇನ್ನೊಂದು ಕಪ್ಪಿನಲ್ಲಿ ರೆಡ್ಯೂಸರ್, ಅಂದರೆ ಬಣ್ಣ ತೆಳುಮಾಡುವ ದ್ರಾವಕ. ಹೊಳಪು ಕಾಗದದ ಹಳೆಯ ಮ್ಯಾಗಜಿನ್ ಪಕ್ಕದಲ್ಲಿರಲಿ.

ಕುಂಚವನ್ನು ಬಣ್ಣಕ್ಕೆ ಅದ್ದಿ, ತುದಿಯನ್ನು ರೆಡ್ಯೂಸರಿಗೆ ಸೋಕಿಸಿ, ಕಾಗದದ ಮೇಲೆ ಒಂದು ಪಕ್ಕ, ಇನ್ನೊಂದು ಪಕ್ಕ ಎಂದು ಹಿಂದಕ್ಕೂ ಮುಂದಕ್ಕೂ ಎಳೆಯಿರಿ. ಬಣ್ಣ ಬುಡದ ತನಕ ಹೋಗಬೇಕು, ಕೂದಲು ಚಪ್ಪಟೆಯಾಗಿ ಅಲಗಿನಂತೆ ನಿಲ್ಲಬೇಕು. ಮೊದಲು ಸಲೀಸಾಗಿ ಜಾರುತ್ತದೆ, ಹತ್ತಾರು ಬಾರಿ ಎಳೆದ ಮೇಲೆ ಕಾಗದ ಕುಂಚವನ್ನು ಸ್ವಲ್ಪ ಹಿಡಿದಂತೆ ಭಾಸವಾಗುತ್ತದೆ. ಆ ಹಿಡಿತ ಬೆರಳಿಗೆ ತಿಳಿದಾಗ ಹದ ಬಂತು. ಇನ್ನೂ ಜಾರುತ್ತಿದ್ದರೆ ಬಣ್ಣ ತೀರ ತೆಳು, ಚಕ್ರದ ಮೇಲೆ ಹರಡಿ ಅಡಿಯ ಕೆಂಪು ತೋರುತ್ತದೆ. ಎಳೆದಾಗ ಗೆರೆ ಮಧ್ಯೆ ತುಂಡಾದರೆ ದಪ್ಪ, ಇನ್ನೊಂದು ಹನಿ ರೆಡ್ಯೂಸರ್ ಬೇಕು. ಬಿಸಿಲು ಏರಿದ ದಿನ ಈ ಹದ ಐದು ನಿಮಿಷಕ್ಕೆ ಬದಲಾಗುತ್ತದೆ, ಬೆಳಗ್ಗೆಯೇ ಕೆಲಸ ಮುಗಿಸಿ.

ಪೆನ್ಸಿಲ್ ಗುರುತು ಅಳಿಯದಂತೆ ಗೆರೆಯ ಜಾಗವನ್ನು ಗ್ರೀಸ್ ತೆಗೆಯುವ ದ್ರಾವಕದಿಂದ ಒರೆಸಿ, ಇನ್ನೊಂದು ಒಣ ಬಟ್ಟೆಯಿಂದ ಒರೆಸಿ. ಪೆನ್ಸಿಲ್ ಗೆರೆಯ ಮೇಲೆ ಅಲ್ಲ, ಅದರ ಪಕ್ಕಕ್ಕೆ ಅಂಟಿ ಎಳೆಯಬೇಕು. ಬಲಗೈಯವರು ಗಡಿಯಾರದ 3 ಗಂಟೆಯ ಜಾಗದಲ್ಲಿ ಕುಂಚದ ತುದಿ ಮೇಲೆ ನೋಡುವಂತೆ ಹಿಡಿದು, ಎಡಗೈಯಿಂದ ಟೈರನ್ನು ಅಪ್ರದಕ್ಷಿಣವಾಗಿ ತಿರುಗಿಸಿ. ತುದಿ ನೋಡುವ ದಿಕ್ಕಿಗೇ ಚಕ್ರದ ಮೈ ಸರಿಯಬೇಕು, ಎದುರಾದರೆ ಕೂದಲು ಕುಪ್ಪಳಿಸುತ್ತದೆ. ಒಂದು ಸುತ್ತಿಗೆ 15ರಿಂದ 20 ಸೆಕೆಂಡ್ ಸರಿಯಾದ ವೇಗ. ತುದಿ ಮಾತ್ರ ತಾಗಿದರೆ ಗೆರೆ ಸಣ್ಣ, ಒತ್ತಿದಷ್ಟೂ ಅಗಲ. ಆದ್ದರಿಂದ ಒತ್ತಡ ಬದಲಾಗದಿರಲು ಮಣಿಕಟ್ಟನ್ನು ಗಟ್ಟಿಮಾಡಿ, ಉಸಿರು ಮಾತ್ರ ಹಿಡಿಯಬೇಡಿ.

ಶುರುವನ್ನು ವಾಲ್ವ್ ತೂತಿನ ನೇರಕ್ಕೆ ಇಡಿ. ತುದಿಯಿಂದ ಮೆಲ್ಲಗೆ ಇಳಿಯಿರಿ, ಸುತ್ತು ಮುಗಿದು ಮೊದಲ ಗೆರೆಯ ಮೇಲೆ 4 ಸೆಂಟಿಮೀಟರ್ ಹೋಗುತ್ತಾ ಹೋಗುತ್ತಾ ಒತ್ತಡ ತೆಗೆಯಿರಿ. ಜೋಡಣೆ ಎಲ್ಲ ಚಕ್ರದಲ್ಲೂ ಒಂದೇ ಜಾಗದಲ್ಲಿದ್ದರೆ ಯಾರೂ ಹುಡುಕುವುದಿಲ್ಲ. ನಡುವೆ ಅಂಚು ಒಂದು ಕಡೆ ಉಬ್ಬಿದರೆ ಅಲ್ಲೇ ತಿದ್ದಲು ಹೋಗದೆ ಸುತ್ತು ಮುಗಿಸಿ. ಆಮೇಲೆ ಬೆರಳಿಗೆ ಸುತ್ತಿದ ಬಟ್ಟೆಗೆ ಒಂದು ಹನಿ ಮಿನರಲ್ ಸ್ಪಿರಿಟ್ಸ್ ಹಾಕಿ ಉಬ್ಬು ಕತ್ತರಿಸಿ, ಅಥವಾ ಇಡೀ ಗೆರೆ ಒರೆಸಿ ಮತ್ತೆ ಎಳೆಯಿರಿ. ಹೊರಗಿನ ಗೆರೆ 3 ಮಿಲಿಮೀಟರ್, ಒಳಗಿನದು ಅದರ ಅರ್ಧ, ನಡುವೆ 4 ಮಿಲಿಮೀಟರ್ ಜಾಗ ಬಿಟ್ಟರೆ ಕೆಂಪಿನ ಮೇಲೆ ಚೆನ್ನಾಗಿ ನಿಲ್ಲುತ್ತದೆ. ಎರಡೂ ಒಂದೇ ಅಗಲವಾದರೆ ಅತಿ ಸಣ್ಣ ವ್ಯತ್ಯಾಸವೂ ಎದ್ದು ಕಾಣುತ್ತದೆ. ಮೊದಲು ಒಳಗಿನದನ್ನು ಎಳೆಯಿರಿ. ಹೊರಗಿನದನ್ನು ಮೊದಲು ಎಳೆದರೆ ಒಳಗಿನದಕ್ಕೆ ಹೋಗುವಾಗ ಕೈ ಹಸಿ ಬಣ್ಣದ ಮೇಲೆ ಹಾಯುತ್ತದೆ.

ಟೇಪಿನಲ್ಲೇ ಮಾಡುತ್ತೇನೆ ಎನ್ನುವುದಾದರೆ ಬಾಗುವ ವಿನೈಲ್ ಫೈನ್‌ಲೈನ್ ಟೇಪ್ ಬೇಕು. ನಿಮ್ಮದು ನುಸುಳಿದ್ದು ಯಾಕೆಂದರೆ, ಎಳೆದು ಬಗ್ಗಿಸಿದ ಟೇಪಿನ ಒಳ ಅಂಚು ಮೇಲೆದ್ದು ಸಣ್ಣ ಸಣ್ಣ ಸುರಂಗಗಳಾಗುತ್ತವೆ. ಎಳೆಯದೆ ಇಳಿಬಿಟ್ಟು ಅಂಟಿಸಿ, ಉಗುರಿನಿಂದ ಅಂಚು ಒತ್ತಿ, ಬಣ್ಣ ತೆಳು ಮಾಡದೆ ಹಚ್ಚಿ, ಹಸಿ ಇರುವಾಗಲೇ ಟೇಪನ್ನು ಹಿಂದಕ್ಕೆ ಮಡಚಿ ತೆಗೆಯಿರಿ. ಒಣಗಿದ ಮೇಲೆ ತೆಗೆದರೆ ಅಂಚು ಗರಗಸವಾಗುತ್ತದೆ.

ಮೇಲೆ ಕ್ಲಿಯರ್ ಬೇಡವೇ ಬೇಡ. ಸುಕ್ಕಿನ ಭಯ ಒಂದು, ಮುಂದೆ ಗೆರೆಗೆ ಗೀರು ಬಿದ್ದರೆ ಅಷ್ಟನ್ನೇ ಒರೆಸಿ ಎಳೆಯುವ ಅನುಕೂಲ ಹೋಗುವುದು ಇನ್ನೊಂದು. ಕ್ಲಿಯರ್ ಬೇಕೇಬೇಕೆಂದರೆ ಗೆರೆಗೆ ಒನ್ ಶಾಟ್ ಬಿಟ್ಟು ಯುರೆಥೇನ್ ಸ್ಟ್ರೈಪಿಂಗ್ ಬಣ್ಣವನ್ನು ಹಾರ್ಡನರ್ ಸೇರಿಸಿ ಬಳಸಿ, ಕ್ಲಿಯರ್ ಕೂಡ ಅದೇ ಕಂಪನಿಯದಿರಲಿ.

ಚಕ್ರವನ್ನು ಒಂದು ದಿನ ಧೂಳಿಲ್ಲದ ಕಡೆ ಬಿಡಿ. ಹಬ್ ಕ್ಯಾಪ್ ಒಂದು ವಾರ ಹಾಕಬೇಡಿ, ಮೇಣ ಒಂದು ತಿಂಗಳು ಬೇಡ, ಪ್ರೆಷರ್ ವಾಷರನ್ನು ಗೆರೆಯ ಹತ್ತಿರ ಎಂದಿಗೂ ತರಬೇಡಿ. ಬಣ್ಣ ಒರೆಸಿದ ಬಟ್ಟೆಗಳನ್ನು ಉಂಡೆಮಾಡಿ ಬುಟ್ಟಿಗೆ ಎಸೆಯಬಾರದು. ಎಣ್ಣೆ ಬಣ್ಣ ಒಣಗುವಾಗ ಬಿಸಿಯಾಗಿ ತಾನೇ ಹೊತ್ತಿಕೊಳ್ಳುತ್ತದೆ. ಹೊರಗೆ ಬಿಡಿಸಿ ಹರಡಿ, ಇಲ್ಲವೇ ನೀರು ತುಂಬಿದ ತಗಡಿನ ಡಬ್ಬಿಗೆ ಹಾಕಿ. ಕುಂಚವನ್ನು ಮಿನರಲ್ ಸ್ಪಿರಿಟ್ಸ್‌ನಲ್ಲಿ ಬುಡದ ತನಕ ತೊಳೆದು, ಡಿಟರ್ಜೆಂಟ್ ಇಲ್ಲದ ಎಂಜಿನ್ ಆಯಿಲ್ ಸವರಿ, ಬೆರಳಿನಿಂದ ಕತ್ತಿಯಾಕಾರಕ್ಕೆ ತಿದ್ದಿ ಮಲಗಿಸಿಡಿ. ಮುಂದಿನ ಸಲ ಆಯಿಲನ್ನು ಪೂರ್ತಿ ತೊಳೆದೇ ಬಣ್ಣಕ್ಕೆ ಅದ್ದಿ.

ಚಕ್ರ ಕೊನೆಯದಾಗಿ ಹಾಕುವಾಗ ನಟ್ಟನ್ನು ಇಂಪ್ಯಾಕ್ಟ್ ಗನ್ನಿನಿಂದ ಬಿಗಿಯಬೇಡಿ, ಸಾಕೆಟ್ ತಿರುಗುವಾಗ ಸುತ್ತಲಿನ ಕೆಂಪು ಹರಿದು ಹೋಗುತ್ತದೆ. ತೆಳು ಗೋಡೆಯ ಸಾಕೆಟ್ಟಿಗೆ ಒಂದು ಸುತ್ತು ಟೇಪ್ ಸುತ್ತಿ, ಟಾರ್ಕ್ ರೆಂಚಿನಲ್ಲಿ ನಿಮ್ಮ ಹಬ್ ತಯಾರಕರು ಹೇಳಿದ ಅಳತೆಗೆ ಬಿಗಿಯಿರಿ. ಅರ್ಧ ಇಂಚಿನ ಸ್ಟಡ್ಡಿಗೆ ಸ್ಟೀಲ್ ವೀಲ್ ಆದರೆ ಅದು ಸಾಮಾನ್ಯವಾಗಿ 75ರಿಂದ 100 ಪೌಂಡ್-ಫೂಟ್ ನಡುವೆ ಇರುತ್ತದೆ. 50 ಮೈಲಿ ಓಡಿಸಿ ಮತ್ತೆ ಬಿಗಿ ನೋಡಿ, ಹೊಸ ಬಣ್ಣದ ಚಕ್ರಕ್ಕೆ ಇದನ್ನು ತಪ್ಪಿಸಬಾರದು. ಆಗಲೂ ಯಾವುದಾದರೂ ನಟ್ಟು ಕಾಲು ಸುತ್ತು ತಿರುಗಿದರೆ ಆ ಚಕ್ರ ಕಳಚಿ, ಇಳಿಜಾರಿನಲ್ಲಿ ಎಲ್ಲಿ ಬಣ್ಣ ಉಳಿದಿದೆ ನೋಡಿ ಕೆರೆದು ತೆಗೆಯಿರಿ.